ತಿರುಗಿ ಕೂತ ಟ್ರಾನ್ಸಿಸ್ಟರ್

ಸೂಜಿ ಏಳಲಿಲ್ಲ. ನಿಂತುಹೋದ ಗಡಿಯಾರವನ್ನು ತಟ್ಟುವ ಹಾಗೆ ಶಿವಕುಮಾರಿ ಮೀಟರಿನ ಗಾಜನ್ನು ಬೆರಳಿನಿಂದ ತಟ್ಟಿ ನೋಡಿದಳು. ಅದು ಸೊನ್ನೆಯ ಹೊಸ್ತಿಲು ಬಿಟ್ಟು ಆಚೆ ಕಾಲಿಡಲೊಲ್ಲದು.

ಚೆಂಬೂರಿನ ಆ ಡಿಪ್ಲೊಮಾ ಕಾಲೇಜಿನ ಲ್ಯಾಬಿನಲ್ಲಿ ಅವತ್ತು ಜರ್ನಲ್ ಸಬ್‌ಮಿಷನ್, ಪ್ರಯೋಗದ ಪುಸ್ತಕ ಬರೆದು ಒಪ್ಪಿಸುವ ದಿನ. ಟ್ರಾನ್ಸಿಸ್ಟರಿನ ಬೇಸ್ ಎಂಬ ಕಾಲಿಗೆ ಇಷ್ಟೇ ಇಷ್ಟು ಕರೆಂಟು ಕೊಟ್ಟರೆ, ಕಲೆಕ್ಟರ್ ಎಂಬ ಕಾಲಿನಲ್ಲಿ ಅದರ ನೂರಿನ್ನೂರು ಪಟ್ಟು ಹರಿಯಬೇಕು. ಆಮೇಲೆ ವೋಲ್ಟೇಜ್ ಎಷ್ಟು ಏರಿಸಿದರೂ ಗ್ರಾಫಿನ ಗೆರೆ ಚಾಳಿನ ತಗಡಿನ ಮಾಡಿನಂತೆ ಮಟ್ಟಸವಾಗಿ ಸಾಗಬೇಕು. ಪುಸ್ತಕದ ಮಾತು ಇದು. ಅವಳ ಮುಂದಿದ್ದ ಪ್ರಯೋಗದ ಕಿಟ್ಟಿನಲ್ಲಿ ಐದು ಪಟ್ಟು ಹರಿದರೆ ಹೆಚ್ಚು. ಏಳು ವೋಲ್ಟ್ ದಾಟಿದ್ದೇ ತಡ, ಸತ್ತಂತಿದ್ದ ಸೂಜಿ ಕೆಂಡ ತುಳಿದವರಂತೆ ಎಗರಿತು. ಮತ್ತೆ ಇಳಿಸಿದಳು, ಮತ್ತೆ ಏರಿಸಿದಳು. ಮತ್ತೂ ಹಾಗೇ. ಕಂಡದ್ದನ್ನೇ ಬರೆದಳು.

"ಶಿವೂ, ನೀ ಖರೇನs ರೀಡಿಂಗ್ ತಗೋಳಾಕತ್ತೀ? ಪಾಗಲ್ ಏನ ನೀ?" ಎಂದಳು ಪಕ್ಕದ ಶೀತಲ. ಸೋಲಾಪುರದ ಕಡೆಯ ಹುಡುಗಿ. ಅವಳ ಕನ್ನಡ ಎಡವುತ್ತ ನಡೆಯುತ್ತಿತ್ತು. ಅವಳ ಕಿಟ್ಟಿನ ದೀಪ ಉರಿಯುತ್ತಿತ್ತು, ವೈರು ಮಾತ್ರ ಜೋಡಿಸಿರಲಿಲ್ಲ.

ಆ ಲ್ಯಾಬಿನಲ್ಲಿ ರೀಡಿಂಗನ್ನು ಯಾರೂ ತೆಗೆಯುತ್ತಿರಲಿಲ್ಲ. ಅವು ಸೀನಿಯರುಗಳಿಂದ ಜೂನಿಯರುಗಳಿಗೆ, ಪುರಾಣ ಬಾಯಿಂದ ಬಾಯಿಗೆ ಇಳಿದಂತೆ, ಇಳಿದು ಬರುತ್ತಿದ್ದವು. ಒಂದು ಅಂಕಿ ಅತ್ತಿತ್ತ ತಿದ್ದಿದರೆ ಆಯಿತು, ಕರ್ಣಿಕ್ ಸರ್ ಸಹಿ ಬೀಳುತ್ತಿತ್ತು. ಸಹಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ, ವರ್ಷ ಹೋದಂತೆ.

ಶಿವಕುಮಾರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಆದರೆ ಕುರ್ಲಾದ ಖೋಲಿಯಲ್ಲಿ ಅಪ್ಪ ಮರೆಪ್ಪ ನಸುಕಿನಲ್ಲಿ ವಿಭೂತಿ ಧರಿಸಿ, ಸೈಟಿಗೆ ಸಿಮೆಂಟು ಕಲಸಲು ಹೊರಡುವ ಮೊದಲು ತಾನೇ ಕಟ್ಟಿದ ಪದ ಹೇಳುತ್ತಿದ್ದ: "ಕಂಡದ್ದು ನುಂಗಿ ಕಾಣದ್ದು ಉಸುರಿದರ, ಉಂಡ ಅನ್ನ ಮೈಗೆ ಹತ್ತೀತೇನೋ ತಂದೇ." ಚಾದರದೊಳಗೆ ಮಲಗಿಯೇ ಕೇಳಿ ಬೆಳೆದವಳು ಅವಳು. ಕೇಳಿದ್ದು ಒಳಗೆಲ್ಲೋ ಕೂತುಬಿಟ್ಟಿತ್ತು.

ಕರ್ಣಿಕ್ ಸರ್ ಬಂದರು. ಮೀಟರು ನೋಡಲಿಲ್ಲ, ಪುಟ ನೋಡಿದರು.

"ಯೇ ಕ್ಯಾ ಹೈ?"

"ಸರ್, ಯಹೀ ಆಯಾ," ಬಂದದ್ದೇ ಇದು ಎಂದಳು.

"ಐಸಾ ಆ ಹೀ ನಹೀಂ ಸಕತಾ." ಹೀಗೆ ಬರಲು ಸಾಧ್ಯವೇ ಇಲ್ಲವೆಂದು ಕೆಂಪು ಪೆನ್ನು ಪುಟದ ಮೇಲಿನ ಮೂಲೆಯಿಂದ ಕೆಳಗಿನ ಮೂಲೆಗೆ ಸರ್ರನೆ ಇಳಿಯಿತು. "ಬಾಪ್ ಸೈಟ್ ಪೆ ಮಾಲ್ ಮಿಲಾತಾ ಹೈ ನಾ? ವಹೀ ಕಿಯಾ ತೂನೇ. ಮಿಲಾವಟ್."

ಅಪ್ಪ ಸೈಟಿನಲ್ಲಿ ಮಾಲು ಕಲಸುವಂತೆ ಮಗಳು ಅಂಕಿಯಲ್ಲಿ ಕಲಬೆರಕೆ ಮಾಡಿದಳೆಂಬ ಮಾತಿಗೆ ಎಲ್ಲರೂ ನಕ್ಕರು. ಸಂಜೆಯೊಳಗೆ ಸರಿಯಾದ್ದು ಬರೆದು ತಾ, ಇಲ್ಲವಾದರೆ ಬರುವ ವರ್ಷ ಬಾ ಎಂದು ಹೇಳಿ ಸರ್ ತಮ್ಮ ಕೋಣೆಗೆ ಹೋದರು.

ಶಿವಕುಮಾರಿಯ ಕಿವಿ ಕಾದವು. ಅಪ್ಪನ ಬಿರಿದ ಅಂಗೈ ಕಣ್ಣಮುಂದೆ ಬಂತು. ಸಿಮೆಂಟು ತಿಂದು ಬಿರಿದ ಕೈ. ಆ ಕೈಯನ್ನು ನಗೆಗೆ ಈಡುಮಾಡಿದರಲ್ಲ! ಅಳು ಬರಬೇಕಿತ್ತು, ಬರಲಿಲ್ಲ. ಕಿಟ್ಟನ್ನು ಎಳೆದುಕೊಂಡು, ಹೇನು ಹುಡುಕುವವಳಂತೆ ಬಗ್ಗಿ ನೋಡಿದಳು.

ಟ್ರಾನ್ಸಿಸ್ಟರಿನ ಚಪ್ಪಟೆ ಮುಖದ ಮೇಲಿನ ನಂಬರು ಬೇರೆ, ಬೋರ್ಡಿನ ಮೇಲೆ ಅಚ್ಚಾದ ನಂಬರು ಬೇರೆ. ಫೋನಿನಲ್ಲಿ ಹುಡುಕಿದಳು. ಬೋರ್ಡಿನ ನಂಬರಿನ ಹಳೆಯದರ ಎಡಗಾಲು ಎಮಿಟರ್ ಎಂಬ ಮೂರನೆಯ ಕಾಲು, ಈಗ ಕೂತ ಹೊಸದರ ಎಡಗಾಲು ಕಲೆಕ್ಟರ್. ಮೊದಲಿನದರ ಜಾಗದಲ್ಲಿ, ಮೊದಲಿನದರ ಮುಖ ಇದ್ದ ಕಡೆಗೇ ಮುಖಮಾಡಿ ಇದನ್ನು ಯಾರೋ ಕೂರಿಸಿದ್ದರು. ತಲೆದಿಂಬಿನ ಕಡೆ ಕಾಲು ಹಾಕಿ ಮಲಗಿದಂತಾಗಿತ್ತು.

"ಏನಾತವ್ವಾ?" ಲ್ಯಾಬ್ ಅಟೆಂಡೆಂಟ್ ಶಬ್ಬೀರ ಚಾಚಾ ಹತ್ತಿರ ಬಂದ. ಇಂಡಿ ಕಡೆಯವನು, ಆ ಕಟ್ಟಡದಲ್ಲಿ ಅವಳೊಡನೆ ಎಡವದೆ ಮನೆಯ ಮಾತು ಆಡುವವನು ಅವನೊಬ್ಬನೇ.

"ಇದನ್ನ ಯಾರು ಹಾಕ್ಯಾರ ಚಾಚಾ? ಉಲ್ಟಾ ಅದ."

ಶಬ್ಬೀರನ ಮುಖದ ಬಣ್ಣ ಇಳಿಯಿತು. "ನಾನs ಹಾಕೀನಿ. ಹಳೇವು ಸುಟ್ಟಿದ್ದುವು. ಅಂಥವು ಸಿಗಲಿಲ್ಲ, ಇವು ಸಿಕ್ಕವು. ಎಲ್ಲಾ ಕಿಟ್ಟಿಗೂ ಇವs ಅವ." ಆಮೇಲೆ ದನಿ ತಗ್ಗಿಸಿದ. "ಸುಮ್ಕ ಇರವ್ವಾ ಮಗಳ. ನನ್ನ ಕಾಂಟ್ರಾಕ್ಟ್ ಈ ತಿಂಗಳ ಮುಗೀತದ. ಹೊಸದು ಮಾಡೋರು ಇದೇ ಸಾಹೇಬ್ರು."

ಸಿಟ್ಟಿಗೆ ಈಗ ಹೋಗಲು ದಾರಿಯೇ ಇಲ್ಲದಾಯಿತು. ಅವಳು ಟ್ರಾನ್ಸಿಸ್ಟರನ್ನು ಕಿತ್ತು, ತಿರುಗಿಸಿ ಕೂರಿಸಿದಳು. ಸ್ವಿಚ್ಚು ಹಾಕಿದಳು. ಸೂಜಿ ಎದ್ದಿತು! ನಾಲ್ಕು ಮಿಲಿಯಾಂಪಿಗೆ ಹೋಗಿ, ವೋಲ್ಟೇಜು ಎಷ್ಟು ಏರಿಸಿದರೂ ಅಲ್ಲಿಯೇ ತಳವೂರಿತು.

"ಮುಗೀತಲ್ಲ, ಇದನ್ನ ಬರದು ಕೊಡು," ಎಂದ ಶಬ್ಬೀರ, ಉಸಿರು ಬಿಟ್ಟು.

ಬರೆದಳು. ಕೆಂಪು ಗೆರೆಯ ಪುಟ ಹರಿಯಲಿಲ್ಲ, ಅದರ ಎದುರು ಪುಟದಲ್ಲಿ ಬರೆದಳು. ಸರ್ ಬಂದು ಹೊಸ ಪುಟದ ಮೇಲೆ ಕಣ್ಣು ಹಾಯಿಸಿ ಸಹಿ ಎಳೆದರು. ಅಷ್ಟಕ್ಕೇ ಹೊರಟಿದ್ದರೆ ಮುಗಿಯುತ್ತಿತ್ತೇನೋ.

"ದೇಖಾ?" ಎಂದು ಇಡೀ ಲ್ಯಾಬಿಗೆ ಕೇಳುವಂತೆ ಹೇಳಿದರು. "ಮಿಲಾವಟ್ ಬಂದ್, ತೋ ರೀಡಿಂಗ್ ಸಹೀ."

ಶಿವಕುಮಾರಿ ಎದ್ದು ನಿಂತಳು. ಬಾಯಲ್ಲಿ ಮಾತು ಬಹಳ ಇಲ್ಲದ ಹುಡುಗಿ. ಅವತ್ತು ಹಿಂದಿಯಲ್ಲಿ ಒಂದೊಂದೇ ಮಾತನ್ನು ಕಲ್ಲಿಟ್ಟಂತೆ ಇಟ್ಟಳು. "ಸರ್, ಅದೂ ಸರಿ ಇತ್ತು. ಟ್ರಾನ್ಸಿಸ್ಟರ್ ತಿರುಗಿ ಕೂತಿತ್ತು. ಆ ಪುಟಕ್ಕೂ ಸಹಿ ಹಾಕಿ."

"ಹಾಗೆ ಕೂರಿಸಿದ್ದು ಯಾರು?"

ಬಾಗಿಲ ಬಳಿ ಶಬ್ಬೀರ ವೈರು ಸುತ್ತುವುದನ್ನು ನಿಲ್ಲಿಸಿದ. ಅವಳು ಅತ್ತ ನೋಡಲಿಲ್ಲ.

"ಕೂರಿಸಿದವರ ಹೆಸರು ನಾನು ಹೇಳುವುದಿಲ್ಲ. ನೋಡದೆ ಸಹಿ ಹಾಕಿದವರ ಹೆಸರು ಎಲ್ಲರ ಜರ್ನಲಿನಲ್ಲೂ ಇದೆ."

ಸರ್ ಗದರಿದರು: ಒಂದು ಕಿಟ್ಟು ಕೆಟ್ಟರೆ ಲ್ಯಾಬೇ ಕೆಟ್ಟಿತೇ? ಆಗ ಪಕ್ಕದಲ್ಲಿ ಟಪ್ಪೆಂದು ಸದ್ದಾಯಿತು. ಶೀತಲ ತನ್ನ ಕಿಟ್ಟಿಗೆ ವೈರು ಜೋಡಿಸಿದ್ದಳು. ಸೂಜಿ ಏಳಲಿಲ್ಲ. "ಸರ್, ಮೇರಾ ಭೀ," ಎಂದಳು ಹೆದರುತ್ತಲೇ. ಆಚೆ ಬೆಂಚಿನಲ್ಲಿ ಇನ್ನೊಬ್ಬ ಹುಡುಗ ಜೋಡಿಸಿದ. ಅಲ್ಲಿಯೂ ಸೂಜಿ ಮಲಗಿತ್ತು. ಅವರ ಜರ್ನಲುಗಳೆಲ್ಲ ಮೇಜಿನ ಮೇಲೆ ಬಿಚ್ಚಿಕೊಂಡಿದ್ದವು. ಪ್ರತಿ ಪುಟದಲ್ಲೂ ನಾಲ್ಕು ಮಿಲಿಯಾಂಪು, ಕೆಳಗೆ ಸಹಿ.

ಕರ್ಣಿಕ್ ಸರ್ ಮೊದಲ ಸಲ ಮೀಟರಿನ ಕಡೆ ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಆಮೇಲೆ ಶಿವಕುಮಾರಿಯ ಕೈಯಿಂದ ಪುಸ್ತಕ ಕಸಿದು, ಕೆಂಪು ಗೆರೆಯ ಪುಟದ ಮೇಲೆ, ಕಾಗದ ಹರಿಯುವಷ್ಟು ಒತ್ತಿ ಸಹಿ ಹಾಕಿದರು. ಅಪ್ಪನ ಮಾತಿಗೆ ಕ್ಷಮೆ ಕೇಳಲಿಲ್ಲ. ಪುಸ್ತಕವನ್ನು ಬೆಂಚಿನ ಮೇಲೆ ಎಸೆದು ಹೊರಟುಹೋದರು.

ಸಹಿ ಬಿದ್ದರೂ ಸಿಟ್ಟು ಇಳಿಯಲಿಲ್ಲ. ಚೀಲ ಹೆಗಲಿಗೇರಿಸಿ ಬಾಗಿಲಿಗೆ ಬಂದಾಗ ಶಬ್ಬೀರ ಅವಳ ತಲೆ ಮುಟ್ಟಲು ಕೈ ಎತ್ತಿದ. "ನನ್ನ ಹೆಸರು ಉಳಿಸಿದೆವ್ವಾ, ಅಲ್ಲಾ ನಿನ್ನ ತಂಪಾಗಿ ಇಡಲಿ."

"ನನಗ ತಂಪು ಬ್ಯಾಡ ಚಾಚಾ," ಎಂದಳು ಅವಳು, ತಲೆ ಸರಿಸಿ. "ಅವರು ನೋಡಲಿಲ್ಲ, ಸರಿ. ಕೂಡ್ರಿಸಿದ ಮ್ಯಾಲ ನೀವರೆ ಒಮ್ಮೆ ಸ್ವಿಚ್ ಹಾಕಿ ನೋಡಬಾರದಾಗಿತ್ತಾ?"

ಶಬ್ಬೀರನ ಎತ್ತಿದ ಕೈ ಇಳಿಯಿತು. ಅವನು ಬಾಗಿಲು ಬಿಟ್ಟು ಒಳಗೆ ಹೋಗಿ, ಮೊದಲ ಕಿಟ್ಟಿನ ಮುಂದೆ ಸ್ಟೂಲು ಎಳೆದುಕೊಂಡು ಕೂತ.