ವಾಂತಿಯಾದ ದಿನದ ಅಡುಗೆ

ಅಮೆರಿಕದ ಅಯೋವಾ ರಾಜ್ಯದ ಒಂದು ವೃದ್ಧಾಶ್ರಮದ ಅಡುಗೆಮನೆಯಲ್ಲಿ ಲೊರೆಟ್ಟಾ ಹನ್ನೊಂದು ವರ್ಷ ದುಡಿದಿದ್ದಳು. ಫೆಬ್ರವರಿಯ ಒಂದು ಬೆಳಿಗ್ಗೆ ಮೂರು ಸಲ ವಾಂತಿಯಾದಾಗ ಮೇಲ್ವಿಚಾರಕ ಡ್ವೇನ್‌ಗೆ ಫೋನ್ ಮಾಡಿದಳು.

"ವಾಂತಿ, ಭೇದಿ ಎರಡೂ ಶುರುವಾಗಿದೆ. ನಿಂತ ಮೇಲೂ ಎರಡು ದಿನ ಅಡುಗೆಮನೆಗೆ ಕಾಲಿಡಬಾರದು ಅಂತ ರೂಲ್ಸ್ ಇದೆಯಲ್ಲ."

"ರೂಲ್ಸ್ ನನಗೇ ಹೇಳ್ಕೊಡ್ತೀಯಾ? ಅರವತ್ತು ಜನ ಮುದುಕರು ಉಪವಾಸ ಬೀಳ್ಬೇಕಾ? ಗ್ಲೌಸ್ ಹಾಕ್ಕೊಂಡು ಕೆಲಸ ಮಾಡು. ಬರಲ್ಲ ಅಂದ್ರೆ ನಾಳೆಯಿಂದಾನೂ ಬರೋದು ಬೇಡ."

ಗಂಡನ ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿದ್ದುದು ಅವಳ ಕೆಲಸದ ಜೊತೆಗೆ ಸಿಕ್ಕಿದ್ದ ಆರೋಗ್ಯ ವಿಮೆಯಿಂದಲೇ. ಹೋದಳು.

ಮೊಟ್ಟೆ ಬೇಯಿಸಿ ಸುಲಿದು, ಮೆಯೋನೀಸ್ ಹಾಕಿ ಸಲಾಡ್ ಕಲಸಿದಳು. ನಡುವೆ ಎರಡು ಸಲ ಶೌಚಕ್ಕೆ ಓಡಿದಳು. ಎರಡು ಸಲವೂ ಸೋಪು ಹಚ್ಚಿ ಕೈ ಉಜ್ಜಿದಳು, ಆದರೆ ತೊಳೆದ ಕೈಯಲ್ಲೇ ಶೌಚಾಲಯದ ಬಾಗಿಲ ಹಿಡಿ ತಿರುಗಿಸಿದ್ದು ಅವಳಿಗೆ ಹೊಳೆದದ್ದು ಎಷ್ಟೋ ದಿನದ ಮೇಲೆ.

ಪಾತ್ರೆ ತೊಳೆಯುತ್ತಿದ್ದ ನದೀನ್ ಅವಳ ಮುಖ ನೋಡಿದಳು. "ಹೀಗಿರುವಾಗ ನೀನು ಅಡುಗೆ ಮುಟ್ಟಬಾರದು ಕಣೆ."

"ಡ್ವೇನ್‌ಗೆ ಹೇಳಿದೀನಿ. ಬಾ ಅಂದ. ನೀನೂ ಒಂದು ಮಾತು ಹೇಳು."

"ಅಯ್ಯೋ, ನಂಗ್ಯಾಕೆ ಬೇಕು ಅದೆಲ್ಲ."

ಮಧ್ಯಾಹ್ನ ತೊಂಬತ್ತೊಂದು ವರ್ಷದ ಆಗ್ನೆಸ್ ಅಜ್ಜಿ ಬಾಯಿ ಬಿಗಿಹಿಡಿದು ಕೂತಿದ್ದರು. ಲೊರೆಟ್ಟಾ ಬಂದು ತಿನ್ನಿಸದ ಹೊರತು ಅವರು ಉಣ್ಣುತ್ತಿರಲಿಲ್ಲ.

"ಬೇಡಮ್ಮ, ಹಸಿವಿಲ್ಲ."

"ನನಗೋಸ್ಕರ ಎರಡು ಚಮಚ, ಅಜ್ಜಿ."

ಅಜ್ಜಿ ನಕ್ಕು ಬಾಯಿ ತೆರೆದರು. ಸಲಾಡಿನ ತಟ್ಟೆ ಖಾಲಿಯಾಗುವವರೆಗೂ ತಿಂದರು.

ಎರಡು ದಿನದೊಳಗೆ ಹತ್ತೊಂಬತ್ತು ಜನ ಹಾಸಿಗೆ ಹಿಡಿದರು. ಆಗ್ನೆಸ್ ಅಜ್ಜಿಯ ಮೈಯಲ್ಲಿ ನೀರೇ ಉಳಿಯಲಿಲ್ಲ. ಐದನೆಯ ದಿನ ತೀರಿಕೊಂಡರು.

ಆರೋಗ್ಯ ಇಲಾಖೆಯ ಹೆಂಗಸು ಬಂದು ಎಲ್ಲರನ್ನೂ ಒಟ್ಟಿಗೆ ಕೂರಿಸಿ, ಲೊರೆಟ್ಟಾಗೆ ಹುಷಾರಿಲ್ಲದ್ದು ಮೊದಲೇ ಗೊತ್ತಿತ್ತೇ ಎಂದು ಕೇಳಿದಾಗ ಡ್ವೇನ್ ತಲೆ ಅಲ್ಲಾಡಿಸಿದ. "ಫೋನ್ ಮಾಡಿ ರಜೆ ಕೇಳಿದ್ಳು, ನಿಜ. ವಾಂತಿ ಅಂತ ಒಂದು ಮಾತು ಹೇಳಿದ್ರೆ ನಾನೇ ಮನೇಲಿರು ಅಂತಿದ್ದೆ."

"ಹೇಳಿದ್ದೆ. ನದೀನ್‌ಗೆ ಗೊತ್ತು," ಎಂದಳು ಲೊರೆಟ್ಟಾ.

ನದೀನ್ ನೆಲ ನೋಡಿದಳು. "ನಂಗೇನೂ ಗೊತ್ತಿಲ್ಲ, ಮೇಡಂ."

ಅಂದು ಸಂಜೆಯೇ ಲೊರೆಟ್ಟಾಳ ಕೆಲಸ ಹೋಯಿತು. ವಿಮೆ ಆ ತಿಂಗಳ ಕೊನೆಯವರೆಗೆ ಮಾತ್ರ. ಅವಳ ಜಾಗಕ್ಕೆ ಡ್ವೇನ್ ನದೀನ್‌ಳನ್ನು ಹಾಕಿದ.

ಲೊರೆಟ್ಟಾ ಏಪ್ರನ್ ಒಪ್ಪಿಸಿ ಹೊರಡುವಾಗ ಮೊಗಸಾಲೆಯಲ್ಲಿ ಆಗ್ನೆಸ್ ಅಜ್ಜಿಯ ಮಗಳು ಪೇಜ್ ಎದುರಾದಳು, ಅಮ್ಮನ ಬಟ್ಟೆಗಳ ಪೆಟ್ಟಿಗೆಯೊಂದಿಗೆ. ಅದನ್ನು ಕೆಳಗಿಟ್ಟು ಲೊರೆಟ್ಟಾಳ ಕೈ ಹಿಡಿದುಕೊಂಡಳು.

"ಅಮ್ಮ ನಿಮ್ಮ ಕೈಯಲ್ಲಿ ಮಾತ್ರ ತಿಂತಿದ್ರು. ಕೊನೇ ಸಲ ಹೊಟ್ಟೆ ತುಂಬಾ ತಿನ್ನಿಸಿದ್ದೂ ನೀವೇ ಅಂತೆ. ಈ ಉಪಕಾರ ಮರೆಯಲ್ಲ."

ತಲೆಯಾಡಿಸಿ ಹೋಗಿಬಿಡಬಹುದಿತ್ತು. ಲೊರೆಟ್ಟಾಳಿಂದಾಗಲಿಲ್ಲ.

"ಅವತ್ತು ನನಗೆ ವಾಂತಿ ಆಗಿತ್ತು. ಗೊತ್ತಿದ್ದೂ ಬಂದಿದ್ದೆ. ನನ್ನಿಂದಲೇ ಅವರಿಗೆ ಅಂಟಿದ್ದು."

ಪೇಜ್ ಹಿಡಿದಿದ್ದ ಕೈ ಬಿಟ್ಟು, ತನ್ನ ಅಂಗೈಯನ್ನು ಕೋಟಿಗೆ ಚೆನ್ನಾಗಿ ಒರೆಸಿಕೊಂಡು, ಪೆಟ್ಟಿಗೆ ಎತ್ತಿಕೊಂಡು ಹೋದಳು.