ಗರ್ಭಚೀಲದ ಸಾಕ್ಷಿ

“ಗರ್ಭಚೀಲ ಕುಯ್ಯಿಸ್ಕಂಡಿದ್ದಕ್ಕೇ ಇನ್ನೂ ಕಾಸು ಕಟ್ಟಿಲ್ಲ. ಇವ್ಳಿಗೆ ಸ್ನಾನದ ತೊಟ್ಟಿ ಇರೋ ಮನೆ ಬೇಕಂತಾ?”

ಹೀಗೆಂದದ್ದು ಟಟಲ್‌ನ ಮೇಜಿನ ಮೇಲಿದ್ದ ಫೋನು. ಟಟಲ್ ನಮ್ಮೂರಿನ ಬಾಡಿಗೆ ಮನೆಗಳ ಉಸ್ತುವಾರಿ. ಎರಡೂ ಕೈಯಲ್ಲಿ ಬೇಯಿಸಿದ ಕಡಲೆಕಾಯಿ ಸುಲಿಯುತ್ತಿದ್ದ. ಫೋನು ಹಿಡಿಯಲು ಕೈ ಬಿಡುವಿಲ್ಲವೆಂದು ಅದರ ಬಾಯಿಯನ್ನು ಎಲ್ಲರಿಗೂ ಕೇಳುವಂತೆ ಬಿಟ್ಟಿದ್ದ. ಆ ತುದಿಯಲ್ಲಿ ಮಾತಾಡಿದವನು ಪಿಕೆನ್ಸ್, ಆಸ್ಪತ್ರೆಯ ಪರವಾಗಿ ಬಾಕಿ ವಸೂಲಿ ಮಾಡುವವನು. ಅವತ್ತು ಬಾಡಿಗೆ ಕಟ್ಟುವ ದಿನ. ಮೀನು ಕಾರ್ಖಾನೆಯ ನಾವಷ್ಟೂ ಹೆಂಗಸರು ರಬ್ಬರ್ ಬೂಟಿನಲ್ಲೇ ಸಾಲು ನಿಂತಿದ್ದೆವು. ನಮ್ಮೆಲ್ಲರ ಮುಂದೆ, ಟಾರು ರಸ್ತೆಯ ಇಟ್ಟಿಗೆ ಮನೆ ಬಾಡಿಗೆಗೆ ಕೇಳಿಕೊಂಡು ಓಜೆಲ್ಲಕ್ಕ ನಿಂತಿದ್ದಳು. ಮನೆ ಕೇಳಿದವರ ಸಾಲದ ಚರಿತ್ರೆ, ಅಂದರೆ ಬಾಕಿಗಳ ವರದಿ, ನೋಡದೆ ಟಟಲ್ ಕೊಡುವವನಲ್ಲ; ಅವಳದರಲ್ಲಿ ಆಸ್ಪತ್ರೆಯ ಬಾಕಿ ಕಂಡು ಫೋನು ಮಾಡಿದ್ದ.

“ಕೇಳುಸ್ತಾ ಓಜೆಲ್ಲ?” ಎಂದ ಟಟಲ್. ಅವಳ ಕಿರಿಮಗನ ವಯಸ್ಸು ಅವನಿಗೆ. ನಮ್ಮ ಮಿಸಿಸಿಪ್ಪಿಯಲ್ಲಿ ಬಿಳಿಯರ ಮನೆಯ ಕೂಸಿಗೂ ನಮ್ಮ ಮುದುಕಿಯರು ‘ನೀನು’ ಆಗಿಯೇ ಇರುತ್ತಾರೆ. “ನಿನ್ ಸಾಲದ ಚರಿತ್ರೆ ನಾರ್ತೈತೆ. ನಿನ್ ಕೈಗಿಂತ್ಲೂ ಜಾಸ್ತಿ.”

ಓಜೆಲ್ಲಕ್ಕ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡಳು. ಇಪ್ಪತ್ತು ವರ್ಷ ಮೀನಿನ ಚರ್ಮ ಸುಲಿದ ಕೈ ನಾರದೆ ಮಲ್ಲಿಗೆ ಘಮಘಮಿಸುತ್ತದೆಯೇ? ಅದೇ ಕಾರಣಕ್ಕೆ ಅವಳಿಗೆ ಆ ಮನೆ ಬೇಕಿತ್ತು. ಅವಳಿದ್ದ ತಗಡಿನ ಮನೆಯಲ್ಲಿ ಸ್ನಾನಕ್ಕೆಂದು ಇದ್ದದ್ದು ಸೊಟ್ಟ ಕೊಳವೆ ಮಾತ್ರ; ಮನಸ್ಸು ಬಂದರೆ ನೀರು, ಇಲ್ಲದಿದ್ದರೆ ತುಕ್ಕು. ಟಾರು ರಸ್ತೆಯ ಆ ಇಟ್ಟಿಗೆ ಮನೆಯಲ್ಲಿ ಬಿಳಿ ತೊಟ್ಟಿಯಿತ್ತು. ಅದರಲ್ಲಿ ಬಿಸಿನೀರು ತುಂಬಿಸಿ ಕಾಲು ಚಾಚಿ ಮಲಗಬೇಕು. ಅವಳು ಸ್ವರ್ಗದಿಂದ ಕೇಳಿದ್ದು ಇಷ್ಟೇ.

ಹೊರಗೆ ಬಂದಮೇಲೆ ಅವಳ ಕಣ್ಣಲ್ಲಿ ನೀರು ಕಂಡು ನನಗೆ ಆಶ್ಚರ್ಯವಾಯಿತು. ಯಾಕೆಂದರೆ ಓಜೆಲ್ಲಕ್ಕನ ಗರ್ಭಚೀಲ ನಮ್ಮೂರಿಗೆ ಗುಟ್ಟೇನಲ್ಲ. ನಮ್ಮ ಚರ್ಚಿನಲ್ಲಿ ಭಾನುವಾರ ಯಾರು ಬೇಕಾದರೂ ಎದ್ದು, ದೇವರು ತನ್ನನ್ನು ಹೇಗೆ ಕಾಪಾಡಿದ ಎಂದು ಸಾಕ್ಷಿ ಹೇಳಬಹುದು. ಹಾಗೆ ಎದ್ದವರು ತಾವಾಗಿ ಕೂರುವವರೆಗೆ ಪಾದ್ರಿಯೂ ತಡೆಯುವ ಹಾಗಿಲ್ಲ, ಮನೆಯಲ್ಲಿ ಒಲೆಯ ಮೇಲಿಟ್ಟ ಸಾರು ಸೀದರೂ ಸರಿ. ಓಜೆಲ್ಲಕ್ಕ ಎದ್ದಳೆಂದರೆ ಸಾರು ಸೀದಂತೆಯೇ ಲೆಕ್ಕ. ಅವಳ ಗರ್ಭದ ಗಡ್ಡೆ ಮೊದಲ ಸಲ ಕಿತ್ತಳೆಯಷ್ಟಿತ್ತು, ಈಸ್ಟರ್ ಹೊತ್ತಿಗೆ ಕಲ್ಲಂಗಡಿಯಾಯಿತು. ನಾವೂ ಬಿಡದೆ “ಹೇಳವ್ವಾ, ಹೇಳು!” ಎಂದು ನೀರೆರೆಯುತ್ತಿದ್ದೆವು.

“ಊರಿಗೆಲ್ಲಾ ನೀನೇ ಸಾರಿದ್ದೀಯ, ಇವತ್ಯಾಕಕ್ಕ ಅಳು?” ಎಂದೆ.

“ಅಲ್ಲಿ ನಾನು ಎದ್ದು ನಿಂತ್ಕಂಡು ಹೇಳ್ದೆ ಕಣೆ ಲರೀತ. ಇಲ್ಲಿ ಆ ಬಡ್ಡೀಮಗ ನನ್ನ ಮಲಗ್ಸಿ ಸೀರೆ ಎತ್ತಿ ತೋರ್ಸ್ದಂಗೆ ಆಯ್ತು” ಎಂದಳು. ಅವಳು ಜನ್ಮದಲ್ಲಿ ಸೀರೆ ಉಟ್ಟವಳಲ್ಲ. ಅವಳಂದದ್ದು ಲಂಗ, ನಿಮಗೆ ತಟ್ಟಲಿ ಅಂತ ನಾನು ಸೀರೆ ಅಂದೆ.

ಬುಧವಾರಗಳಂದು ಊರಿನ ಗ್ರಂಥಾಲಯಕ್ಕೆ ಬಡವರ ವಕೀಲೆಯೊಬ್ಬಳು ಬರುತ್ತಿದ್ದಳು. ಹೆಸರು ಇಮಾನಿ, ನಮ್ಮ ಬಣ್ಣದವಳೇ. ನಡೆದದ್ದನ್ನು ಕೇಳಿ ಅವಳ ಮುಖ ಅರಳಿತು, ಲಾಟರಿ ಹೊಡೆದವರ ಹಾಗೆ.

“ಫೋನಲ್ಲಿ, ಎಲ್ಲರ ಮುಂದೆ, ಯಾವ ಆಪರೇಷನ್ ಅಂತ್ಲೂ ಹೇಳಿದ್ನಾ? ಓಜೆಲ್ಲಮ್ಮ, ರೋಗಿಯ ಗುಟ್ಟು ಕಾಯೋ ಕಾನೂನು ಅಂತ ಒಂದಿದೆ. ಆಸ್ಪತ್ರೆಗೂ ಇದೆ, ಆಸ್ಪತ್ರೆ ಪರವಾಗಿ ದುಡ್ಡು ಕೇಳೋನಿಗೂ ಇದೆ. ಅವನ ಕೈಗೆ ಒಂದು ಬಿಡಿಕಾಸೂ ಕೊಡ್ಬೇಡಿ. ಬಾಕೀನ ಸೀದಾ ಆಸ್ಪತ್ರೆಗೇ ಕಟ್ಟಿ. ಆಮೇಲೆ ಅವನಿಗೆ ಕಾಗದ ಹಾಕೋಣ: ನನ್ನ ರೋಗ ಟಟಲ್‌ಗೆ ಹೇಳೋಕೆ ಯಾರಪ್ಪಣೆ ಇತ್ತು, ಬಾಕಿ ತೀರಿದ್ಮೇಲೆ ನನ್ನ ವಿಷಯ ನಿನ್ನ ಹತ್ರ ಯಾಕಿದೆ, ಸಾಲದ ಚರಿತ್ರೆಯಿಂದ ಅದನ್ನ ಅಳಿಸ್ತೀಯೋ ಇಲ್ಲಾ ಸರ್ಕಾರಕ್ಕೆ ದೂರು ಕೊಡ್ಲೋ ಅಂತ.”

ದುಡ್ಡು ಹುಟ್ಟಿಸಲು ನಮಗೆ ಗೊತ್ತಿರುವುದು ಒಂದೇ ದಾರಿ. ಚರ್ಚಿನ ಅಂಗಳದಲ್ಲಿ ಬಾಂಡಲೆ ಇಟ್ಟು ಮೀನು ಕರಿದು, ಜೊತೆಗೊಂದು ಹಿಡಿ ಕೋಸಿನ ಪಚಡಿ ಹಾಕಿ ತಟ್ಟೆ ಲೆಕ್ಕದಲ್ಲಿ ಮಾರಿದೆವು. ವಾರವಿಡೀ ಸುಲಿದ ಮೀನನ್ನೇ ಶನಿವಾರ ದುಡ್ಡು ಕೊಟ್ಟು ತಿಂದೆವು, ಎಂಥ ಜಾಣರು ನೋಡಿ! ಬಾಕಿ ತೀರಿತು, ಕಾಗದ ಹೋಯಿತು.

ಮುಂದಿನ ವಾರ ಕೆಲಸ ಬಿಡುವ ಹೊತ್ತಿಗೆ ಕಾರ್ಖಾನೆ ಗೇಟಿನ ಹತ್ತಿರ ಪಿಕೆನ್ಸ್ ಕಾರಿಗೆ ಒರಗಿ ನಿಂತಿದ್ದ.

“ಏನ್ ಓಜೆಲ್ಲ, ನಂಗೇ ಕಾನೂನು ಹೇಳ್ಕೊಡ್ತೀಯಾ? ಗುಟ್ಟಂತೆ ಗುಟ್ಟು! ಚರ್ಚಲ್ಲಿ ವಾರ ವಾರ ಮೈಕ್ ಹಿಡ್ಕಂಡು ಒದ್ರೋಳು ನೀನೇ ತಾನೆ? ಮೊದ್ಲು ಗುಟ್ಟು ಮುರ್ದೋಳು ನೀನು. ದೂರು ಕೊಟ್ರೆ ನಿನ್ನೇ ಒಳಗೆ ಹಾಕ್ತಾರೆ, ತಿಳ್ಕ.”

ನಾವು ನಂಬಿಬಿಟ್ಟೆವು. ನಗಬೇಡಿ. ಇವತ್ತಿನವರೆಗೆ ನಾವು ಕಂಡ ಯಾವ ಕಾನೂನು ನಮ್ಮ ಬಾಯಿಗಲ್ಲದೆ ಬೇರೆಯವರ ಬಾಯಿಗೆ ಬೀಗ ಹಾಕಿತ್ತು? ಗುಟ್ಟಿನ ಕಾನೂನೆಂದರೆ ಗುಟ್ಟಿನ ಒಡತಿಯೂ ಬಾಯಿ ಹೊಲಿದುಕೊಳ್ಳಬೇಕೆಂದೇ ತಿಳಿದೆವು.

ಆ ಭಾನುವಾರ ಸಾಕ್ಷಿಯ ಹೊತ್ತಿಗೆ ಎಲ್ಲರೂ ಓಜೆಲ್ಲಕ್ಕನ ಕಡೆ ತಿರುಗಿದರು. ಅವಳು ಬೀಸಣಿಗೆಯನ್ನು ತುಟಿಗೆ ಒತ್ತಿ ಹಿಡಿದು ಕೂತೇ ಇದ್ದಳು. ಕಲ್ಲಂಗಡಿ ಇಲ್ಲದ ಪೂಜೆ ಎಷ್ಟು ಬೇಗ ಮುಗಿಯಿತೆಂದರೆ, ಪಾದ್ರಿಗೇ ಗಾಬರಿಯಾಗಿ ಅವಳ ನಂಬಿಕೆ ಗಟ್ಟಿಯಾಗಲೆಂದು ಪ್ರಾರ್ಥನೆ ಮಾಡಿದರು. ನನಗೆ ಮಾತ್ರ ಹೊಟ್ಟೆ ಉರಿಯಿತು. ಸ್ನಾನದ ತೊಟ್ಟಿಯಂತೂ ಹೋಯಿತು, ಇದ್ದೊಂದು ಬಾಯನ್ನೂ ಕಿತ್ತುಕೊಂಡರಲ್ಲ!

ಬುಧವಾರ ಅವಳನ್ನು ಎಳೆದುಕೊಂಡೇ ಗ್ರಂಥಾಲಯಕ್ಕೆ ಹೋದೆ. ಇಮಾನಿ ಕೇಳಿ, ಗದ್ದಲ ಮಾಡಬಾರದ ಆ ಜಾಗದಲ್ಲಿ ಜೋರಾಗಿ ನಕ್ಕಳು.

“ಓಜೆಲ್ಲಮ್ಮ, ಆ ಕಾನೂನು ಕಟ್ಟಿರೋದು ಅವನ ಬಾಯಿನ. ನಿಮ್ಮ ಹೊಟ್ಟೆ, ನಿಮ್ಮ ಬಾಯಿ. ನೀವು ಮೈಕಲ್ಲಿ ಹೇಳಿ, ಹಾಡಾದ್ರೂ ಕಟ್ಟಿ. ಅವನು ಉಸಿರೆತ್ತಂಗಿಲ್ಲ.”

ಓಜೆಲ್ಲಕ್ಕ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ, “ಹಂಗಾದ್ರೆ ನನ್ನ ಬಾಯಿ ನಂದೇನಾ?” ಎಂದಳು. ಅರವತ್ತರ ಹೆಂಗಸು ಕೇಳಿದ ಪ್ರಶ್ನೆ ಇದು.

ಇಮಾನಿ ಇನ್ನೊಂದು ಕಾಗದ ಬರೆದಳು, ಈ ಸಲ ಆಸ್ಪತ್ರೆಗೆ. ಆಸ್ಪತ್ರೆಯವರು ಬೆದರಿ ಪಿಕೆನ್ಸ್‌ನ ಕೈಯಿಂದ ಓಜೆಲ್ಲಕ್ಕನ ಲೆಕ್ಕವನ್ನೇ ವಾಪಸು ಕಿತ್ತುಕೊಂಡರು. ಅವಳ ಸಾಲದ ಚರಿತ್ರೆಯಿಂದ ಆ ಸಾಲು ಅಳಿಸಿಹೋಯಿತು. ಅಷ್ಟಾದರೂ ಭಾನುವಾರ ಅವಳು ಎದ್ದು ನಿಲ್ಲಲಿಲ್ಲ. ಇನ್ನೂ ಹೆದರಿಕೆಯೇ ಎಂದು ಕೇಳಿದರೆ, “ಕೂಡಿಡ್ತಾ ಇವ್ನಿ ಕಣೆ” ಎಂದಳು.

ಮತ್ತೆ ಬಾಡಿಗೆಯ ದಿನ ಬಂತು. ಅದೇ ಸಾಲು, ಅದೇ ಬೂಟು. ಟಟಲ್ ಅವಳ ಸಾಲದ ಚರಿತ್ರೆಯ ಹೊಸ ವರದಿಯನ್ನು ತಿರುಗಿಸಿ ಮುರುಗಿಸಿ ನೋಡಿದ. ಅಕ್ಕಿಯಲ್ಲಿ ಕಲ್ಲು ಸಿಗದಿದ್ದರೆ ಕೆಲವರಿಗೆ ಊಟ ಸೇರುವುದಿಲ್ಲ. ಮೊಣಕೈಯಿಂದಲೇ ಫೋನು ಒತ್ತಿದ.

“ಪಿಕೆನ್ಸ್, ಆ ಓಜೆಲ್ಲನ ಗರ್ಭಚೀಲದ ಬಾಕಿ ಏನಾಯ್ತೋ?”

ಫೋನು ಕೆಮ್ಮಿತು. “ಆ… ಆಯಮ್ಮನ ವಿಷ್ಯ ನಾನು ಮಾತಾಡಂಗಿಲ್ಲ.” ಕಟ್ ಎಂದಿತು.

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಯಮ್ಮನಂತೆ! ಟಟಲ್‌ನ ಕಿವಿ ಕೆಂಪಗಾಯಿತು. ಕಡಲೆಕಾಯಿ ಬಾಯಿಗೆಸೆದುಕೊಂಡು, “ಓಹೋ, ಅಂಥಾ ಗುಟ್ಟಾ? ಆ ಮನೆ ನಿನಗೆ ಕೊಡ್ಬೇಕಾ ಬ್ಯಾಡ್ವಾ ಅಂತ ನಾನಿನ್ನೂ ಯೋಚ್ನೆ ಮಾಡ್ಬೇಕು. ಅಲ್ಲೀಗಂಟ ನೀನೇ ಹೇಳು ಮತ್ತೆ, ಅದೇನು ಕಿತ್ತಾಕುದ್ರು ನಿಂಗೆ?” ಎಂದ.

ಅಷ್ಟು ಸಾಕಾಗಿತ್ತು. ಓಜೆಲ್ಲಕ್ಕ ಕೈಚೀಲವನ್ನು ನೆಲಕ್ಕಿಟ್ಟಳು. ಕಾರ್ಖಾನೆಯಲ್ಲಿ ತಲೆಗೆ ಕಟ್ಟುವ ಕೂದಲಿನ ಬಲೆ ತೆಗೆದು ನನ್ನ ಕೈಗೆ ಕೊಟ್ಟಳು. ಮೀನು ನಾರುವ ಎರಡೂ ಕೈಗಳನ್ನು ಅವನ ಮೇಜಿನ ಮೇಲೆ ಊರಿದಳು.

“ಕೇಳುದ್ರಲ್ಲ ಸಾಹೇಬ್ರೆ, ಹೇಳ್ತೀನಿ. ಮೊದ್ಲು ರಕ್ತ ಹೋಯ್ತು. ಎಂಥಾ ರಕ್ತ ಅಂತೀರಿ…”

“ಹೇಳವ್ವಾ!” ಎಂದೆ ನಾನು.

“ಕರ್ತನೇ! ಹೇಳು!” ಎಂದಿತು ಇಡೀ ಸಾಲು.

“ಈ ನಿಮ್ಮ ಕಡಲೆಕಾಯಿ ಹಂಗೆ, ಮೆತ್ತಗೆ, ಗೆಡ್ಡೆ ಗೆಡ್ಡೆ…”

ಟಟಲ್ ಬಾಯಲ್ಲಿದ್ದದ್ದನ್ನು ಉಗುಳಿದ. “ಸಾಕು, ಸಾಕು ನಿಲ್ಸು!” ಎಂದು ಏಳಹೋದ. ಬಾಗಿಲಲ್ಲಿ ನಾವು ಬೂಟಿಗೆ ಬೂಟು ಜೋಡಿಸಿ ನಿಂತಿದ್ದೆವು. ಅವನು ಗೂಡಿನಲ್ಲಿ ತಡಕಾಡಿ ಇಟ್ಟಿಗೆ ಮನೆಯ ಬೀಗದ ಕೈ ತೆಗೆದು ಸಿಪ್ಪೆಗಳ ನಡುವೆ ಎಸೆದ.

“ತಗಂಡ್ ಹೋಗು! ಮನೆ ನಿಂದೇ! ಬಾಯ್ ಮುಚ್ಚು ತಾಯೀ!”

ಓಜೆಲ್ಲಕ್ಕ ಬೀಗದ ಕೈಯನ್ನು ನೋಡಿದಳು, ಮುಟ್ಟಲಿಲ್ಲ. ತುಟಿ ಒದ್ದೆ ಮಾಡಿಕೊಂಡಳು.

“ಕೂತ್ಕಳಿ ಸಾಹೇಬ್ರೆ. ಡಾಕ್ಟ್ರು ಇನ್ನೂ ಕತ್ತೀನೇ ಎತ್ತಿಲ್ಲ.”