ಕೆಸರಲ್ಲಿ ಉಳಿದ ನೀಲಿ

ಲ್ಯಾಬಿನ ಕಿಟಕಿಯ ಕರಿ ಪರದೆಯ ಅಂಚಿನಿಂದ ಬಿಸಿಲು ದಾರದಷ್ಟು ಒಳಗೆ ಬರುತ್ತಿದೆ, ಮುಚ್ಚಬೇಕು, ಮುಚ್ಚಿದೆ, ಈಗ ಪೂರ್ತಿ ಕತ್ತಲು, ಬೆರಳಿಗೆ ಇನ್ನೂ ಬಂಗಡೆ ಮೀನಿನ ವಾಸನೆ — ಇಲ್ಲ, ಅದು ಎಂದೋ ಹೋಗಿದೆ, ಅವ್ವನ ಮೂಗಿನಿಂದ ಮಾತ್ರ ಹೋಗಿಲ್ಲ, ಶೈಲಶ್ರೀ, ಮೀನ ಮುಟ್ಟಿ ಬಂದಿಯೇನ, ಮೊದಲ ಜಳಕಾ ಮಾಡು, ದೇವರ ಜಗಲಿ ಕಡೆ ಹೋಗಬ್ಯಾಡ, ಕೋಥರೂಡ್ ಬಡಾವಣೆಯ ನಮ್ಮ ವಸತಿ ಸೊಸೈಟಿಗೆಲ್ಲ ಕೇಳುವ ಹಾಗೆ ಕೂಗುತ್ತಾಳೆ. ಮುಟ್ಟಿದೆ ಅವ್ವಾ, ಸಮುದ್ರದ ಮೀನು, ಉಪ್ಪುನೀರಿನಲ್ಲಿಟ್ಟು ಕತ್ತಲಲ್ಲಿ ನೋಡಿದರೆ ಮೈತುಂಬ ನೀಲಿ ಚುಕ್ಕೆ, ಬ್ಯಾಕ್ಟೀರಿಯಾ, ಸುಖವಾಗಿದ್ದರೆ ಬೆಳಗುತ್ತವೆ, ವಿಷ ತಾಕಿದರೆ ಮಂಕಾಗುತ್ತವೆ, ನನ್ನ ಪರೀಕ್ಷೆ ಇಷ್ಟೇ. ಚರಂಡಿ ಕೆಸರು ಸೋಸಿದ ನೀರು ಹಾಕಿದಾಗಲೆಲ್ಲ ಮಂಕಾದವು, ಕಾರ್ಖಾನೆಗಳ ಸತು, ತಾಮ್ರ, ನಿಕಲ್ ಇದರಲ್ಲಿದೆ ಸರ್ ಎಂದೆ, ಲ್ಯಾಬಿನ ಮುಖ್ಯಸ್ಥ ದಾಮ್ಲೆ ಸರ್ ನಕ್ಕರು, ಅಗ ಶೈಲಶ್ರೀ, ನೀರೇ ಕಂದು, ಬೆಳಕು ಅದರ ಹಿಂದೆ ಅಡಗಿದೆ, ವಿಷ ಎಲ್ಲಿಂದ ಬಂತು?

ಚರಂಡಿ ಕೆಸರು ಸಾಗಿಸುವ ನಗರಪಾಲಿಕೆಯ ಲಾರಿಗಳು ನಿಲ್ಲಲಿಲ್ಲ, ಪುಕ್ಕಟೆ ಗೊಬ್ಬರವೆಂದು ಆ ಕೆಸರನ್ನು ನದಿ ದಂಡೆಯ ತರಕಾರಿ ಮಡಿಗಳಿಗೆ ಸುರಿದವು, ಗುಲಬರ್ಗಾ ಕಡೆಯಿಂದ ಬಂದು ಅಲ್ಲೇ ಮೆಂತ್ಯ ಬೆಳೆದು ನಮ್ಮ ಗೇಟಿನ ಮುಂದೆ ಮಾರುವ ಸಕ್ಕುಬಾಯಿಯೂ ಹಾಕಿಸಿಕೊಂಡಳು, ಮೊದಲ ಭಾಳ ಹುಲುಸಾಗಿ ಬಂದಿತ್ರಿ ಅಕ್ಕಾರ, ಈಗ ಎಲಿ ಎಲ್ಲಾ ಹಳದಿ ಆಗ್ಯಾವ, ಏನ್ ರೋಗ ಅದ ನೋಡ್ರಿ, ಒಂದು ಕಟ್ಟು ಕೈಗಿಟ್ಟಳು. ಆ ಕಟ್ಟು ಹಿಡಿದು ಬಸ್ಸಿನಲ್ಲಿ ನಿಂತಾಗಲೇ ಹೊಳೆದದ್ದು, ಬಣ್ಣ ಇದ್ದ ಹಾಗೇ ಇರಲಿ, ಲೋಹವನ್ನು ಮಾತ್ರ ಕಟ್ಟಿಹಾಕೋಣ, ಆಗ ಬೆಳಕು ಉಳಿದರೆ ತಪ್ಪು ಬಣ್ಣದ್ದಲ್ಲ, ಲೋಹದ್ದೇ, ಲೋಹವನ್ನು ಹಿಡಿದುಕೊಳ್ಳುವ ಉಪ್ಪು ನಮ್ಮ ಕಪಾಟಿನಲ್ಲೇ ಇದೆ — ನನ್ನ ಸ್ಟಾಪು ದಾಟಿಹೋಗಿತ್ತು, ಕಂಡಕ್ಟರ್ ಬೈದ, ನಾನು ನಗುತ್ತಿದ್ದೆ.

ಈಗ ಕತ್ತಲಲ್ಲಿ, ನನ್ನ ಪರೀಕ್ಷೆ ನೋಡಲು ಬಂದ ನಗರಪಾಲಿಕೆ ಸಮಿತಿಯವರ ಉಸಿರು ಕೇಳುತ್ತಿದೆ, ಎರಡು ಗಾಜಿನ ನಳಿಕೆ, ಎರಡರಲ್ಲೂ ಅದೇ ಕಂದು ನೀರು, ಬಲಗಡೆಯದಕ್ಕೆ ಮಾತ್ರ ಆ ಉಪ್ಪು, ಎರಡಕ್ಕೂ ನನ್ನ ಬ್ಯಾಕ್ಟೀರಿಯಾ ಹಾಕಿದೆ, ಎರಡೂ ಬೆಳಗುತ್ತಿವೆ, ಯಾರದೋ ಪೇಜರ್ ಕಿರುಗುಟ್ಟಿತು, ಕಾಯಬೇಕು, ಎಡಗಡೆಯದು ಇಳಿಯುತ್ತಿದೆ, ಇಳಿಯಿತು, ಹೋಯಿತು — ಬಲಗಡೆಯದು? ನೋಡಲು ಹೆದರಿ ಕಣ್ಣು ಮುಚ್ಚಿದೆ, ದಾಮ್ಲೆ ಸರ್ ದನಿಯೇ ಮೊದಲು ಬಂತು, ಮರಾಠಿಯಲ್ಲಿ, ಅರೆ, ಹೇ ತರ ಅಜೂನ ಜಳತಂಯ, ಇದು ಇನ್ನೂ ಉರಿಯುತ್ತಿದೆ! ಹೌದು ಸರ್, ಬಣ್ಣ ಅದೇ, ಕೆಸರು ಅದೇ, ಲೋಹ ಮಾತ್ರ ಕಟ್ಟುಬಿದ್ದಿದೆ, ನನ್ನ ದನಿ ಇಷ್ಟು ಜೋರೇ, ಸರ್ ಕೈ ನನ್ನ ಹೆಗಲ ಮೇಲೆ, ಶಾಬ್ಬಾಸ್, ತಪ್ಪು ನನ್ನದು, ಅಧ್ಯಕ್ಷರೇ, ಲಾರಿ ಇವತ್ತೇ ನಿಲ್ಲಲಿ, ನಿಲ್ಲಲಿ ಎಂದರು ಅಧ್ಯಕ್ಷರು, ಕತ್ತಲಲ್ಲಿ ಕುರ್ಚಿಗಳು ಸರಿದವು, ಯಾರೋ ಫೋನಿಗೆ ಓಡಿದರು, ನಿಂತವು, ಲಾರಿಗಳು ನಿಂತವು, ನಾನು ನಿಲ್ಲಿಸಿದೆ, ಹೊರಗೆ ಹೋಗಬೇಕು, ಎಲ್ಲರೂ ಕರೆಯುತ್ತಿದ್ದಾರೆ, ಇರಿ, ಒಂದು ಗಳಿಗೆ, ಕಂದು ನೀರಿನ ನಡುವೆ ಅದು ಇನ್ನೂ ಇದೆ, ನೀಲಿ, ಆರಿಲ್ಲ, ನೀಲಿ —